ಆಸ್ಕರ್ 'ಲಿಸ್ಟಿಗೆ' ಬಂತು ಅಂದರೆ ನಾಮಿನೇಟ್ ಆಯ್ತು ಅಂತಾನಾ? ಆಫೀಸಿನ ಜಗಳ ಬಿಡಿಸಿಕೊಡಿ

ಕೊನೇ_ಸಾಲು (ಪ್ರಶ್ನೆ):

ಮೂರು ದಿನದಿಂದ ಆಫೀಸಿನಲ್ಲಿ ಒಂದೇ ವಾದ. 2023ರಲ್ಲಿ 'ಕಾಂತಾರ' ಆಸ್ಕರ್‌ಗೆ ನಾಮಿನೇಟ್ ಆಗಿತ್ತು, ಅದೂ ಎರಡು ವಿಭಾಗಗಳಲ್ಲಿ, ಅಂತ ನಾನು ಹೇಳಿದೆ. ಆಗ ವಾಟ್ಸಾಪ್ ತುಂಬಾ ಅದೇ ಸುದ್ದಿ ಇತ್ತು. ನಾನೇ ಸ್ಟೇಟಸ್ ಹಾಕಿ ಮೆರೆದಿದ್ದೆ. ಪಕ್ಕದ ಸೀಟಿನವನು 'ಅಂಥದ್ದೇನೂ ಆಗೇ ಇಲ್ಲ' ಅಂತ ನಗುತ್ತಾನೆ. ಹುಡುಕಿ ನೋಡಿದರೆ ಒಂದು ಕಡೆ ಆಗಿದೆ ಅಂತಿದೆ, ಇನ್ನೊಂದು ಕಡೆ ಇಲ್ಲ ಅಂತಿದೆ, ಮತ್ತೊಂದು ಕಡೆ 'ಆಸ್ಕರ್ ರೇಸ್‌ನಲ್ಲಿ' ಅಂತ ಜಾಣತನದಿಂದ ಬರೆದು ಕೈ ತೊಳೆದುಕೊಂಡಿದ್ದಾರೆ. ರೇಸ್ ಅಂದರೆ ಏನು, ಓಡ್ತಾ ಇದೆಯಾ, ಇಲ್ಲ ಗೇಟಿನ ಹತ್ತಿರ ನಿಂತಿದೆಯಾ?

ಹಾಗೇ ಇನ್ನೊಂದು ಅನುಮಾನ. 2022ರಲ್ಲಿ 'ದಿ ಪವರ್ ಆಫ್ ದಿ ಡಾಗ್' ಚಿತ್ರಕ್ಕೆ 12 ನಾಮಿನೇಷನ್ ಇತ್ತು, ಗೆದ್ದಿದ್ದು ಒಂದೇ ಒಂದು. 'ಕೋಡಾ'ಗೆ ಇದ್ದಿದ್ದೇ ಮೂರು, ಮೂರನ್ನೂ ಬಾಚಿಕೊಂಡು ಹೋಯ್ತು, ಅತ್ಯುತ್ತಮ ಚಿತ್ರ ಸೇರಿ. ಇದು ಹೇಗೆ ಸಾಧ್ಯ? ನಮ್ಮ ರಾಷ್ಟ್ರೀಯ ಪ್ರಶಸ್ತಿಗೆ ತೀರ್ಪುಗಾರರು ಕೂತು ನೋಡಿ ತೀರ್ಮಾನ ಮಾಡುತ್ತಾರಲ್ಲ, ಅಲ್ಲಿ ಯಾರು ಕೂರುತ್ತಾರೆ?

---

ಮೊದಲ_ಆಟ:

ಬೇಜಾರಾಗಬೇಡಿ, ವಾದದಲ್ಲಿ ನಿಮ್ಮ ಪಕ್ಕದ ಸೀಟಿನವರೇ ಗೆದ್ದರು. 'ಕಾಂತಾರ' ನಾಮಿನೇಟ್ ಆಗಿರಲಿಲ್ಲ.

ಆಗಿದ್ದೇನು ಅಂದರೆ, 2023ರ ಜನವರಿಯಲ್ಲಿ ಆಸ್ಕರ್ ಕೊಡುವ ಅಕಾಡೆಮಿಯವರು 301 ಚಿತ್ರಗಳ ಒಂದು ಪಟ್ಟಿ ಬಿಟ್ಟರು. ಈ ಸಲ ಓಟು ಹಾಕುವಾಗ ಇಷ್ಟು ಚಿತ್ರಗಳಲ್ಲಿ ಯಾವುದಕ್ಕೆ ಬೇಕಾದರೂ ಹಾಕಬಹುದು ಅಂತ ಸದಸ್ಯರಿಗೆ ನೆನಪಿಸುವ ಪಟ್ಟಿ ಅದು. ಅದರಲ್ಲಿ 'ಕಾಂತಾರ' ಇತ್ತು. ಸಿನಿಮಾ ಆ ಪಟ್ಟಿಗೆ ಬಂದರೆ ಅದರ ನಟರೂ ನಟನೆಯ ವಿಭಾಗಕ್ಕೆ ಅರ್ಹರಾಗುತ್ತಾರೆ, 'ಎರಡು ವಿಭಾಗ' ಅನ್ನೋ ಮಾತು ಹುಟ್ಟಿದ್ದು ಅಲ್ಲಿಂದ. ಚಿತ್ರ ತೆಗೆದವರು ಕೂಡ 'ಕ್ವಾಲಿಫಿಕೇಷನ್' ಅಂತಲೇ ಬರೆದಿದ್ದರು, ಸುಳ್ಳು ಹೇಳಿರಲಿಲ್ಲ. ಫಾರ್ವರ್ಡ್ ಆಗ್ತಾ ಆಗ್ತಾ ಅದು ನಾಮಿನೇಷನ್ ಆಯ್ತು. ಇನ್ನೊಂದೆರಡು ದಿನ ಬಿಟ್ಟಿದ್ದರೆ ಪ್ರಶಸ್ತಿಯನ್ನೇ ಕೊಟ್ಟುಬಿಡುತ್ತಿದ್ದರು.

ನಿಜವಾದ ನಾಮಿನೇಷನ್ ಘೋಷಣೆ ಆಗಿದ್ದು ಜನವರಿ 24ಕ್ಕೆ. ಅತ್ಯುತ್ತಮ ನಟ ವಿಭಾಗದ ಐದು ಹೆಸರು ಇವು: ಬ್ರೆಂಡನ್ ಫ್ರೇಸರ್, ಆಸ್ಟಿನ್ ಬಟ್ಲರ್, ಕಾಲಿನ್ ಫ್ಯಾರೆಲ್, ಪಾಲ್ ಮೆಸ್ಕಲ್, ಬಿಲ್ ನೈ. ಗೆದ್ದವರು ಫ್ರೇಸರ್. ರಿಷಬ್ ಶೆಟ್ಟಿ ಅವರ ಹೆಸರು ಅಲ್ಲಿ ಇಲ್ಲ.

ಆ 301ರ ಪಟ್ಟಿಗೆ ಸೇರುವುದು ಅಂಥ ಕಷ್ಟದ ಕೆಲಸ ಅಲ್ಲ ಅನ್ನೋದೇ ಇಲ್ಲಿ ವಿಷಯ. ಚಿತ್ರ 40 ನಿಮಿಷಕ್ಕಿಂತ ಉದ್ದ ಇರಬೇಕು. ಅಮೆರಿಕದಲ್ಲಿ ಅವರು ಹೆಸರಿಸಿದ ಆರು ಮಹಾನಗರ ಪ್ರದೇಶಗಳಿವೆ, ಲಾಸ್ ಏಂಜಲಿಸ್, ನ್ಯೂಯಾರ್ಕ್, ಷಿಕಾಗೋ, ಅಟ್ಲಾಂಟಾ, ಡಲ್ಲಾಸ್ ಸುತ್ತಮುತ್ತ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ. ಇವುಗಳಲ್ಲಿ ಯಾವುದಾದರೂ ಒಂದರಲ್ಲಿ, ಟಿಕೆಟ್ ಕೊಟ್ಟು ನೋಡುವ ಥಿಯೇಟರಿನಲ್ಲಿ, ಏಳು ದಿನ ಸತತ ಓಡಬೇಕು. ಮತ್ತೆ ಅರ್ಜಿ ತುಂಬಬೇಕು. ಇಷ್ಟೇ. ಚಿತ್ರ ಚೆನ್ನಾಗಿದೆಯಾ ಕೆಟ್ಟದಾಗಿದೆಯಾ ಅಂತ ಯಾರೂ ಕೇಳಲ್ಲ. ಈಚೆಗೆ ಅತ್ಯುತ್ತಮ ಚಿತ್ರ ವಿಭಾಗಕ್ಕೆ ಮಾತ್ರ ಇನ್ನಷ್ಟು ಷರತ್ತು ಸೇರಿಸಿದ್ದಾರೆ, ಜಾಸ್ತಿ ಊರುಗಳಲ್ಲಿ ಜಾಸ್ತಿ ದಿನ ಓಡಬೇಕು ಅಂತೆಲ್ಲ. ಅದಕ್ಕೇ 2025ರಲ್ಲಿ ಒಟ್ಟು ಪಟ್ಟಿ 323 ಇದ್ದರೂ ಅತ್ಯುತ್ತಮ ಚಿತ್ರಕ್ಕೆ ಅರ್ಹವಾದವು 207 ಮಾತ್ರ. ಆ ವರ್ಷ 'ಕಂಗುವ' ವಿಷಯದಲ್ಲಿ ಥೇಟ್ ಇದೇ ಗಲಾಟೆ ತಮಿಳಿನವರಲ್ಲಿ ನಡೆಯಿತು. ನಾವೊಬ್ಬರೇ ಅಲ್ಲ, ಸಮಾಧಾನ ಮಾಡಿಕೊಳ್ಳಿ.

---

ಸುಮ್ನೆ_ಬಂದೆ:

ಅದೇ 301ರಲ್ಲಿ 'ವಿಕ್ರಾಂತ್ ರೋಣ' ಕೂಡ ಇತ್ತು. ಅದರ ಸ್ಟೇಟಸ್ ಯಾಕೆ ಹಾಕಲಿಲ್ಲ ಅಂತ ಸುದೀಪ್ ಅಭಿಮಾನಿಗಳ ಪರವಾಗಿ ಕೇಳುತ್ತಿದ್ದೇನೆ.

---

ಓಟಿನ_ಲೆಕ್ಕ:

ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ತೀರ್ಪುಗಾರರ ಸಮಿತಿ ಅಂತ ಒಂದು ಕೂರೋದೇ ಇಲ್ಲ. ಸಾವಿರಾರು ಸದಸ್ಯರು ತಮ್ಮ ತಮ್ಮ ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಓಟು ಹಾಕುತ್ತಾರೆ. ಎಲ್ಲರೂ ಸಿನಿಮಾ ಕಸುಬಿನವರು: ನಟರು, ನಿರ್ದೇಶಕರು, ಸಂಕಲನಕಾರರು, ಛಾಯಾಗ್ರಾಹಕರು, ಮೇಕಪ್‌ನವರು. ಪ್ರತಿ ಕಸುಬಿಗೂ ಒಂದು ಶಾಖೆ. ನಾಮಿನೇಷನ್ ಹಂತದಲ್ಲಿ ನಟರನ್ನು ನಟರೇ ಆರಿಸಬೇಕು, ಸಂಕಲನಕ್ಕೆ ಸಂಕಲನಕಾರರೇ ಆರಿಸಬೇಕು. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಎಲ್ಲರೂ ಹಾಕುತ್ತಾರೆ. ಕೊನೇ ಹಂತದಲ್ಲಿ, ಅಂದರೆ ನಾಮಿನಿಗಳ ಪಟ್ಟಿ ಬಂದಮೇಲೆ, ಎಲ್ಲ ವಿಭಾಗಕ್ಕೂ ಎಲ್ಲರೂ ಹಾಕಬಹುದು. ಅಂದರೆ ಧ್ವನಿ ವಿನ್ಯಾಸದ ಗಂಧಗಾಳಿ ಇಲ್ಲದ ನಟನೂ ಧ್ವನಿಗೆ ಓಟು ಹಾಕುತ್ತಾನೆ. ಅದಕ್ಕೇ ನನ್ನ ಅಭಿಪ್ರಾಯದಲ್ಲಿ ತಾಂತ್ರಿಕ ವಿಭಾಗಗಳಲ್ಲಿ ಗೆಲುವಿಗಿಂತ ನಾಮಿನೇಷನ್ನೇ ದೊಡ್ಡ ಗೌರವ. ಕೆಲಸ ಗೊತ್ತಿದ್ದವರು ಬೆನ್ನು ತಟ್ಟಿರುತ್ತಾರೆ.

ಈಗ ಎಣಿಕೆ. ನಾಮಿನೇಷನ್‌ಗೆ ಓಟು ಹಾಕುವಾಗ ಹೆಸರುಗಳನ್ನು ಒಂದು, ಎರಡು, ಮೂರು ಅಂತ ಕ್ರಮವಾಗಿ ಬರೆಯಬೇಕು. ಐದು ಜಾಗ ಇದ್ದರೆ, ಬಂದ ಒಟ್ಟು ಓಟನ್ನು ಆರರಿಂದ ಭಾಗಿಸಿ ಒಂದು ಕೂಡಿಸಿದರೆ ಎಷ್ಟಾಗುತ್ತದೋ ಅಷ್ಟು ಮುಟ್ಟಿದವರು ಒಳಗೆ. 600 ಓಟು ಬಂದರೆ 101 ಸಾಕು. ಕಡಿಮೆ ಮೊದಲ ಆಯ್ಕೆ ಬಂದವರನ್ನು ತೆಗೆದು ಅವರ ಓಟನ್ನು ಮುಂದಿನ ಹೆಸರಿಗೆ ಹಂಚುತ್ತಾ ಹೋಗುತ್ತಾರೆ. ಇಲ್ಲಿ ಗಮನಿಸಿ, ಎಲ್ಲರಿಗೂ 'ಪರವಾಗಿಲ್ಲ' ಅನ್ನಿಸಿದವನಿಗಿಂತ ಸ್ವಲ್ಪ ಜನಕ್ಕೆ ಹುಚ್ಚು ಹಿಡಿಸಿದವನಿಗೆ ನಾಮಿನೇಷನ್ ಸಿಗುತ್ತದೆ.

ಕೊನೇ ಹಂತದಲ್ಲಿ ಬೇರೆ ವಿಭಾಗಗಳಲ್ಲೆಲ್ಲ ನಮ್ಮ ಎಲೆಕ್ಷನ್ ತರಹವೇ, ಯಾರಿಗೆ ಜಾಸ್ತಿ ಬಿತ್ತೋ ಅವರು ಗೆದ್ದರು. ಅತ್ಯುತ್ತಮ ಚಿತ್ರ ಮಾತ್ರ ಬೇರೆ. ಅಲ್ಲಿ ಹತ್ತು ಚಿತ್ರಗಳನ್ನೂ ಇಷ್ಟವಾದ ಕ್ರಮದಲ್ಲಿ ಜೋಡಿಸಬೇಕು. ಅರ್ಧಕ್ಕಿಂತ ಜಾಸ್ತಿ ಯಾರಿಗೂ ಬರದಿದ್ದರೆ ಕಟ್ಟಕಡೆಯ ಚಿತ್ರವನ್ನು ತೆಗೆದು, ಅದಕ್ಕೆ ಹಾಕಿದವರ ಎರಡನೇ ಆಯ್ಕೆಗೆ ಆ ಓಟು ಕೊಡುತ್ತಾರೆ. ಒಂದು ಚಿತ್ರ ಅರ್ಧ ದಾಟುವವರೆಗೂ ಇದೇ ನಡೆಯುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕೋಣ. 100 ಜನ, ಮೂರು ಚಿತ್ರ. 'ಅ' ಚಿತ್ರಕ್ಕೆ 40 ಜನ ಮೊದಲ ಸ್ಥಾನ ಕೊಟ್ಟರು, 'ಆ' ಚಿತ್ರಕ್ಕೆ 35, 'ಇ' ಚಿತ್ರಕ್ಕೆ 25. ಸಾಮಾನ್ಯ ಎಲೆಕ್ಷನ್ ಆದರೆ 'ಅ' ಗೆದ್ದಾಯ್ತು. ಇಲ್ಲಿ 'ಇ' ಹೊರಗೆ ಹೋಗುತ್ತದೆ. ಅದಕ್ಕೆ ಹಾಕಿದ 25ರಲ್ಲಿ 20 ಜನ ಎರಡನೇ ಸ್ಥಾನ 'ಆ'ಗೆ ಕೊಟ್ಟಿದ್ದರು ಅಂದುಕೊಳ್ಳಿ, ಐದು ಜನ 'ಅ'ಗೆ. ಈಗ 'ಆ' 55, 'ಅ' 45. ಮುಗಿಯಿತು ಕತೆ.

ಅಂದರೆ ಒಳಗೆ ಹೋಗೋಕೆ ಬೇಕಾದದ್ದು ಒಂದಷ್ಟು ಜನರ ಹುಚ್ಚು ಪ್ರೀತಿ, ಗೆಲ್ಲೋಕೆ ಬೇಕಾದದ್ದು ಯಾರಿಗೂ ಕೋಪ ಬರಿಸದೆ ಎಲ್ಲರ ಪಟ್ಟಿಯಲ್ಲೂ ಮೇಲ್ಗಡೆ ಇರೋದು. 'ದಿ ಪವರ್ ಆಫ್ ದಿ ಡಾಗ್' ಚಿತ್ರವನ್ನು ಬೇರೆ ಬೇರೆ ಶಾಖೆಯವರು ಮೆಚ್ಚಿ 12 ಸಲ ಒಳಗೆ ಕಳಿಸಿದರು. ಆದರೆ ಅದು ತಣ್ಣಗೆ ಇರೋ ಚಿತ್ರ, ಕೆಲವರಿಗೆ ತುಂಬಾ ಇಷ್ಟ, ಕೆಲವರಿಗೆ ಅರ್ಧಕ್ಕೇ ನಿದ್ದೆ. ನಿರ್ದೇಶನಕ್ಕೆ ಜೇನ್ ಕ್ಯಾಂಪಿಯನ್ ಗೆದ್ದರು, ಅಲ್ಲಿ ಕ್ರಮದ ಲೆಕ್ಕ ಇಲ್ಲವಲ್ಲ. 'ಕೋಡಾ' ನೋಡಿ ಅತ್ತವರು ಜಾಸ್ತಿ, ಬೈದವರು ಕಡಿಮೆ. ಯಾರ ಪಟ್ಟಿಯಲ್ಲಿ ಎಷ್ಟನೆಯದಿತ್ತು ಅಂತ ಅಕಾಡೆಮಿ ಹೊರಗೆ ಬಿಡುವುದಿಲ್ಲ, ಇದು ನನ್ನ ಅಂದಾಜು. ಆದರೆ ನಿರ್ದೇಶನ ಒಬ್ಬರಿಗೆ, ಚಿತ್ರ ಇನ್ನೊಬ್ಬರಿಗೆ ಅನ್ನೋದು ಈ ಪದ್ಧತಿ ಬಂದಮೇಲೆ ಎಷ್ಟು ಸಲ ಆಗಿದೆ ನೋಡಿ. 2017ರಲ್ಲಿ ನಿರ್ದೇಶನ 'ಲಾ ಲಾ ಲ್ಯಾಂಡ್'ಗೆ, ಚಿತ್ರ 'ಮೂನ್‌ಲೈಟ್'. 2019ರಲ್ಲಿ ನಿರ್ದೇಶನ 'ರೋಮಾ'ಗೆ, ಚಿತ್ರ 'ಗ್ರೀನ್ ಬುಕ್'.

---

ಮೊದಲ_ಆಟ:

@ಓಟಿನ_ಲೆಕ್ಕ ಸೂಪರ್. ಹತ್ತು ಚಿತ್ರ ಯಾಕೆ ಅಂತಾನೂ ಹೇಳಿಬಿಡಿ ಅನ್ನೋಣ ಅಂದುಕೊಂಡೆ, ನಾನೇ ಹೇಳುತ್ತೇನೆ. ಮೊದಲು ಎಷ್ಟೋ ವರ್ಷ ಐದೇ ಇತ್ತು. 2009ರ ಸಮಾರಂಭದಲ್ಲಿ 'ದಿ ಡಾರ್ಕ್ ನೈಟ್' ಆ ಐದರಲ್ಲಿ ಬರಲಿಲ್ಲ ಅಂತ ಜನ ಬೈದಿದ್ದೇ ಬೈದಿದ್ದು. ಮುಂದಿನ ವರ್ಷವೇ ಹತ್ತು ಮಾಡಿದರು. ಈ ಕ್ರಮ ಜೋಡಿಸುವ ಎಣಿಕೆ ಮತ್ತೆ ಬಂದಿದ್ದೂ ಆಗಲೇ, ಯಾಕೆಂದರೆ ಹತ್ತು ಜನ ನಿಂತರೆ ಬರೀ ಹದಿನೈದು ಪರ್ಸೆಂಟ್ ಓಟಿಗೂ ಗೆದ್ದುಬಿಡಬಹುದು.

---

ಕಹಿ_ಬೇವು:

ಲೆಕ್ಕ ಎಲ್ಲ ಸರಿ ಸ್ವಾಮಿ, ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಓಟು ಹಾಕುವವರು ಚಿತ್ರ ನೋಡಿದರೆ ತಾನೇ ಓಟು? ವರ್ಷಕ್ಕೆ ಮುನ್ನೂರು ಚಿತ್ರ ಯಾರು ನೋಡುತ್ತಾರೆ? ಅದಕ್ಕೇ ಸ್ಟುಡಿಯೋದವರು ತಿಂಗಳುಗಟ್ಟಲೆ ಜಾಹೀರಾತು, ಸದಸ್ಯರಿಗಾಗಿ ಪ್ರದರ್ಶನ, ಆಮೇಲೆ ನಟರ ಜೊತೆ ಮಾತುಕತೆ, ಇನ್ನೊಂದು ಮತ್ತೊಂದು ಮಾಡುತ್ತಾರೆ. 'ಆರ್‌ಆರ್‌ಆರ್' ತಗೊಳ್ಳಿ. ಆ ವರ್ಷ ಭಾರತದ ಅಧಿಕೃತ ಪ್ರವೇಶ ಅದಲ್ಲ, ಗುಜರಾತಿ ಚಿತ್ರ 'ಛೆಲ್ಲೋ ಶೋ'. 'ಆರ್‌ಆರ್‌ಆರ್' ತಂಡ ತಾವೇ ಅಮೆರಿಕಕ್ಕೆ ಹೋಗಿ, ಲಾಸ್ ಏಂಜಲಿಸ್‌ನ ಚೈನೀಸ್ ಥಿಯೇಟರಿನಲ್ಲಿ ಹಾಕಿಸಿ, ಸಂದರ್ಶನದ ಮೇಲೆ ಸಂದರ್ಶನ ಕೊಟ್ಟು ಹೆಸರು ಓಡಾಡುವ ಹಾಗೆ ಮಾಡಿದರು. 'ನಾಟು ನಾಟು' ಡಿಸೆಂಬರಿನಲ್ಲಿ 15 ಹಾಡುಗಳ ಶಾರ್ಟ್‌ಲಿಸ್ಟಿಗೆ, ಜನವರಿಯಲ್ಲಿ ಐದಕ್ಕೆ, ಮಾರ್ಚಿನಲ್ಲಿ ಕೀರವಾಣಿ ಮತ್ತು ಚಂದ್ರಬೋಸ್ ಕೈಗೆ. ಹಾಡು ಚೆನ್ನಾಗಿಲ್ಲ ಅಂತಲ್ಲ. ಅಷ್ಟು ಓಡಾಡದೆ ಇದ್ದಿದ್ದರೆ ಯಾರು ಕೇಳುತ್ತಿದ್ದರು ಅಂತ.

'ಕಾಂತಾರ' ಬರೀ ಪಟ್ಟಿಗೆ ನಿಂತಿದ್ದಕ್ಕೂ ಇದೇ ಕಾರಣ. ಅರ್ಜಿ ಹಾಕಿದರೆ ಪಟ್ಟಿ ಸಿಗುತ್ತೆ, ಓಟು ಸಿಗಲ್ಲ.

---

ಓಟಿನ_ಲೆಕ್ಕ:

@ಕಹಿ_ಬೇವು ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ಅದೇ 2023ರಲ್ಲಿ ಆಂಡ್ರಿಯಾ ರೈಸ್‌ಬರೋ ಅಂತ ಒಬ್ಬ ನಟಿಗೆ 'ಟು ಲೆಸ್ಲಿ' ಚಿತ್ರಕ್ಕೆ ನಾಮಿನೇಷನ್ ಬಂತು. ಅಮೆರಿಕದ ಥಿಯೇಟರಿನಲ್ಲಿ ಆ ಚಿತ್ರ ದುಡಿದಿದ್ದು ಮೂವತ್ತು ಸಾವಿರ ಡಾಲರಿಗೂ ಕಡಿಮೆ. ದೊಡ್ಡ ಸ್ಟುಡಿಯೋ ಇಲ್ಲ, ಜಾಹೀರಾತು ಇಲ್ಲ. ಹೆಸರಾಂತ ನಟ ನಟಿಯರು ಒಬ್ಬರಿಗೊಬ್ಬರು ಹೇಳಿ, ಆನ್‌ಲೈನ್‌ನಲ್ಲಿ ಹೊಗಳಿ ಅವರನ್ನು ಒಳಗೆ ತಳ್ಳಿದರು. ನಟರ ಶಾಖೆಯಲ್ಲಿ ಸುಮಾರು 1300 ಜನ, ಎಲ್ಲರೂ ಓಟು ಹಾಕಿದರೂ ಆರರಿಂದ ಭಾಗಿಸಿ ನೋಡಿ, ಇನ್ನೂರಿಪ್ಪತ್ತರ ಒಳಗೇ ಕೆಲಸ ಆಗುತ್ತದೆ. ಪ್ರಚಾರದ ನಿಯಮ ಮುರಿದರಾ ಅಂತ ಅಕಾಡೆಮಿ ವಿಚಾರಣೆ ಮಾಡಿತು, ಕೊನೆಗೆ ನಾಮಿನೇಷನ್ ಉಳಿಸಿತು. ದುಡ್ಡಿಲ್ಲದೆ ಆಗುತ್ತೆ, ಆದರೆ ಆಗ ಪರಿಚಯ ಬೇಕು. ಇದು ಇನ್ನೂ ಕಹಿ ಅಂದರೆ ನಾನು ವಾದ ಮಾಡಲ್ಲ.

ಮತ್ತೆ ನೋಡದೆ ಓಟು ಹಾಕೋದಕ್ಕೆ ಈಗ ಸ್ವಲ್ಪ ಕಡಿವಾಣ ಬಿದ್ದಿದೆ. 2026ರ ಸಮಾರಂಭದಿಂದ, ಒಂದು ವಿಭಾಗದಲ್ಲಿ ನಾಮಿನೇಟ್ ಆದ ಎಲ್ಲ ಚಿತ್ರಗಳನ್ನೂ ನೋಡಿದ್ದರೆ ಮಾತ್ರ ಆ ವಿಭಾಗದಲ್ಲಿ ಕೊನೇ ಓಟು. ಇಷ್ಟು ದಿನ ಬಹುಪಾಲು ವಿಭಾಗಗಳಲ್ಲಿ ಇದು ಇರಲಿಲ್ಲ ಅನ್ನೋದೇ ಆಶ್ಚರ್ಯ ಅಲ್ವಾ.

---

ಇಂಟರ್ವಲ್:

ನನಗೆ ಗೆದ್ದವರಿಗಿಂತ ಸೋತವರ ಕತೆಯೇ ಇಷ್ಟ. ಕೆವಿನ್ ಓ'ಕಾನಲ್ ಅಂತ ಒಬ್ಬ ಧ್ವನಿ ಮಿಶ್ರಣಕಾರ. 20 ಸಲ ನಾಮಿನೇಟ್, 20 ಸಲವೂ ಸೋಲು. ಸೂಟು ಹಾಕಿಕೊಂಡು ಹೋಗಿ, ಕ್ಯಾಮೆರಾ ಮುಖದ ಮೇಲೆ ಬಂದಾಗ ನಕ್ಕು, ಬೇರೆಯವರಿಗೆ ಚಪ್ಪಾಳೆ ತಟ್ಟಿ ಬರೋದು. ಒಂದೆರಡು ವರ್ಷ ಅಲ್ಲ, ಮೂರು ದಶಕ. 2017ರಲ್ಲಿ 21ನೇ ಸಲ 'ಹ್ಯಾಕ್ಸಾ ರಿಡ್ಜ್' ಚಿತ್ರಕ್ಕೆ ಕೊನೆಗೂ ಸಿಕ್ಕಿತು. ಪೀಟರ್ ಓ'ಟೂಲ್‌ಗೆ ಅದೂ ಇಲ್ಲ. ನಟನೆಗೆ ಎಂಟು ನಾಮಿನೇಷನ್, ಗೆಲುವು ಸೊನ್ನೆ, ಮಧ್ಯದಲ್ಲಿ 2003ರಲ್ಲಿ ಒಂದು ಗೌರವ ಪ್ರಶಸ್ತಿ ಕೊಟ್ಟರು. ಚಿತ್ರಗಳಲ್ಲಿ 'ದಿ ಕಲರ್ ಪರ್ಪಲ್' ಇದೆ, 11 ನಾಮಿನೇಷನ್, ಒಂದೂ ಬರಲಿಲ್ಲ. ಅದೇ 11 ನಾಮಿನೇಷನ್ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಮೂರನೇ ಭಾಗಕ್ಕೆ ಇತ್ತು, ಹನ್ನೊಂದಕ್ಕೆ ಹನ್ನೊಂದೂ ಬಂತು.

ಇನ್ನು ಗೆದ್ದವರ ಹೆಸರಿರೋ ಲಕೋಟೆ ಅದಲುಬದಲಾದ ಕತೆ. 2017ರಲ್ಲಿ ವೇದಿಕೆಯ ಎರಡೂ ಬದಿಯಲ್ಲಿ ಲಕೋಟೆಗಳ ಒಂದೊಂದು ಪೂರ್ತಿ ಸೆಟ್ ಇಟ್ಟುಕೊಂಡು, ಓಟು ಎಣಿಸಿದ ಸಂಸ್ಥೆಯ ಇಬ್ಬರು ನಿಂತಿದ್ದರು, ಯಾವ ಕಡೆಯಿಂದ ಬಂದವರಿಗೂ ಸಿಗಲಿ ಅಂತ. ಅತ್ಯುತ್ತಮ ನಟಿಯ ಲಕೋಟೆ ಒಂದು ಬದಿಯಿಂದ ಹೋಗಿತ್ತು, ಇನ್ನೊಂದು ಬದಿಯಲ್ಲಿ ಅದರ ಜೋಡಿ ಹಾಗೇ ಉಳಿದಿತ್ತು. ಅತ್ಯುತ್ತಮ ಚಿತ್ರ ಘೋಷಿಸೋಕೆ ಬಂದ ನಟ ವಾರನ್ ಬೇಟಿ ಕೈಗೆ ಅದನ್ನೇ ಕೊಟ್ಟುಬಿಟ್ಟರು. ಒಳಗೆ 'ಎಮ್ಮಾ ಸ್ಟೋನ್, ಲಾ ಲಾ ಲ್ಯಾಂಡ್' ಅಂತಿದೆ. ಅವರು ಹಿಂದೆ ಮುಂದೆ ನೋಡಿ ಜೊತೆಗಿದ್ದ ಫೇ ಡನವೇಗೆ ತೋರಿಸಿದರು, ಅವರು ಚಿತ್ರದ ಹೆಸರು ಓದಿಯೇ ಬಿಟ್ಟರು. 'ಲಾ ಲಾ ಲ್ಯಾಂಡ್'ನವರು ಬಂದು ಭಾಷಣ ಶುರು ಮಾಡಿದ ಮೇಲೆ ಗೊತ್ತಾಯ್ತು ಗೆದ್ದಿದ್ದು 'ಮೂನ್‌ಲೈಟ್' ಅಂತ. 'ಲಾ ಲಾ ಲ್ಯಾಂಡ್' ನಿರ್ಮಾಪಕನೇ ಮೈಕ್ ಮುಂದೆ ನಿಂತು 'ನೀವು ಗೆದ್ದಿದ್ದೀರಿ, ಬನ್ನಿ' ಅಂತ ಕರೆದು, ಸರಿಯಾದ ಚೀಟಿ ಕ್ಯಾಮೆರಾಕ್ಕೆ ತೋರಿಸಿದ್ದು ನಾನು ಲೈವ್ ನೋಡಿದ್ದೆ. ಬೆಳಗ್ಗೆ ಹಲ್ಲು ಕೂಡ ಉಜ್ಜಿರಲಿಲ್ಲ.

ಮೊದಲ ಸಮಾರಂಭದಲ್ಲಿ, 1929ರಲ್ಲಿ, ಈ ತಲೆನೋವೇ ಇರಲಿಲ್ಲ. ಗೆದ್ದವರು ಯಾರು ಅಂತ ಮೂರು ತಿಂಗಳು ಮೊದಲೇ ಹೇಳಿಬಿಟ್ಟಿದ್ದರು. ಹದಿನೈದು ನಿಮಿಷದಲ್ಲಿ ಪ್ರಶಸ್ತಿ ಕೊಟ್ಟು ಮುಗಿಸಿದರು. ಆಮೇಲೆ ಕೆಲವು ವರ್ಷ ಪತ್ರಿಕೆಗಳಿಗೆ ಮೊದಲೇ ಪಟ್ಟಿ ಕೊಡುತ್ತಿದ್ದರು, ರಾತ್ರಿ ಹನ್ನೊಂದರ ಮೇಲೆ ಹಾಕಿ ಅಂತ. 1940ರಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ಸಂಜೆಯ ಪತ್ರಿಕೆಯಲ್ಲೇ ಅಚ್ಚು ಹಾಕಿತು. ನಟರು ಅದನ್ನು ಓದಿಕೊಂಡೇ ಸಮಾರಂಭಕ್ಕೆ ಬಂದರು. ಮುಂದಿನ ವರ್ಷದಿಂದ ಮುಚ್ಚಿದ ಲಕೋಟೆ.

---

ಕಹಿ_ಬೇವು:

2021 ಮರೆತಿರಾ? ಯಾವಾಗಲೂ ಕೊನೆಗೆ ಅತ್ಯುತ್ತಮ ಚಿತ್ರ ಇರುತ್ತೆ, ಆ ವರ್ಷ ಕೊನೆಗೆ ಅತ್ಯುತ್ತಮ ನಟ ಇಟ್ಟರು. ತೀರಿಕೊಂಡಿದ್ದ ಚಾಡ್ವಿಕ್ ಬೋಸ್‌ಮನ್‌ಗೆ ಬರುತ್ತೆ, ಎಲ್ಲರೂ ಕಣ್ಣೀರು ಹಾಕಿಕೊಂಡು ಮುಗಿಸೋಣ ಅಂತ ಇರಬೇಕು. ಬಂದಿದ್ದು ಆಂಥನಿ ಹಾಪ್‌ಕಿನ್ಸ್‌ಗೆ. ಅವರು ಸಭೆಯಲ್ಲೇ ಇಲ್ಲ, 83ರ ವಯಸ್ಸು, ವೇಲ್ಸ್‌ನಲ್ಲಿ ಮಲಗಿದ್ದರು. ಕಾರ್ಯಕ್ರಮ ಧಡಕ್ಕನೆ ನಿಂತೇ ಹೋಯ್ತು. ಎಣಿಸಿದವರು ಯಾರಿಗೂ ಬಾಯಿ ಬಿಟ್ಟಿರಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ. ಈ ಒಂದು ವಿಷಯಕ್ಕೆ ನಾನೂ ಚಪ್ಪಾಳೆ ಹೊಡೆಯುತ್ತೇನೆ.

---

ಕೊನೇ_ಸಾಲು:

ಎಲ್ಲರಿಗೂ ಥ್ಯಾಂಕ್ಸ್. ಸೋತೆ, ಒಪ್ಪಿಕೊಂಡೆ. ಹಳೇ ಸ್ಟೇಟಸ್ಸಿನ ಸ್ಕ್ರೀನ್‌ಶಾಟ್ ಅವನ ಹತ್ತಿರ ಇಲ್ಲದಿದ್ದರೆ ಸಾಕು.

ಕೊನೇದಾಗಿ ಒಂದು. 'ಅಧಿಕೃತ ಪ್ರವೇಶ' ಅಂತ ಯಾರೋ ಹೇಳಿದರಲ್ಲ, ಅದು ಈ 301ರ ಪಟ್ಟಿಗಿಂತ ಬೇರೆಯಾ? ಕನ್ನಡದ್ದು ಯಾವುದಾದರೂ ಹಾಗೆ ಹೋಗಿದೆಯಾ?

---

ಮೊದಲ_ಆಟ:

ಬೇರೆಯೇ. ಅದು ಅಂತಾರಾಷ್ಟ್ರೀಯ ಚಿತ್ರ ವಿಭಾಗ, 2019ರವರೆಗೆ ವಿದೇಶಿ ಭಾಷಾ ಚಿತ್ರ ಅಂತಿದ್ದರು. ಒಂದು ದೇಶಕ್ಕೆ ಒಂದೇ ಚಿತ್ರ. ನಮ್ಮಲ್ಲಿ ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ಆರಿಸುತ್ತದೆ. ಅಮೆರಿಕದಲ್ಲಿ ಓಡಲೇಬೇಕು ಅಂತಿಲ್ಲ. ಎಲ್ಲ ದೇಶಗಳಿಂದ ಬಂದಿದ್ದರಲ್ಲಿ 15ರ ಶಾರ್ಟ್‌ಲಿಸ್ಟ್, ಅದರಲ್ಲಿ ಐದು ನಾಮಿನೇಷನ್. ಭಾರತದಿಂದ ಆ ಐದರವರೆಗೆ ಹೋಗಿದ್ದು ಮೂರೇ ಚಿತ್ರ: 'ಮದರ್ ಇಂಡಿಯಾ', 'ಸಲಾಂ ಬಾಂಬೆ', 'ಲಗಾನ್'. ಯಾವುದೂ ಗೆದ್ದಿಲ್ಲ. 'ಛೆಲ್ಲೋ ಶೋ' 15ರಲ್ಲಿ ನಿಂತಿತು.

ಕನ್ನಡದಿಂದ ಒಂದು ಚಿತ್ರವನ್ನೂ ಅಧಿಕೃತ ಪ್ರವೇಶವಾಗಿ ಕಳಿಸಿಲ್ಲ. ತಮಿಳು, ಮಲಯಾಳಂ, ಮರಾಠಿ, ಬಂಗಾಳಿ, ತೆಲುಗು, ಗುಜರಾತಿ, ಅಸ್ಸಾಮಿ ಎಲ್ಲ ಹೋಗಿವೆ. ಎಪ್ಪತ್ತರ ದಶಕದಲ್ಲಿ ಕನ್ನಡದಲ್ಲಿ ಎಂಥೆಂಥ ಚಿತ್ರ ಬಂದವು, ರಾಷ್ಟ್ರಪತಿ ಸ್ವರ್ಣಕಮಲ ಹೊತ್ತು ತಂದವು, ಆಗಲೂ ಇಲ್ಲ. ನನಗಂತೂ 'ಕಾಂತಾರ' ನಾಮಿನೇಟ್ ಆಗಲಿಲ್ಲ ಅನ್ನೋದಕ್ಕಿಂತ ಇದೇ ಜಾಸ್ತಿ ಉರಿಯುತ್ತದೆ.

---

ಇಂಟರ್ವಲ್:

ಕಿರುಚಿತ್ರದ ದಾರಿಯೂ ಒಂದಿದೆ. ಅವರು ಒಪ್ಪಿದ ಚಿತ್ರೋತ್ಸವದಲ್ಲಿ ಗೆದ್ದರೆ ನೇರ ಅರ್ಹತೆ. ಚಿದಾನಂದ ನಾಯ್ಕ್ ಅವರ 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' ಅಪ್ಪಟ ಕನ್ನಡದ್ದು, ಕೋಳಿ ಕದ್ದ ಅಜ್ಜಿಯ ಜನಪದ ಕತೆ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ತಗೊಂಡು, 2025ರ ಆಸ್ಕರ್‌ಗೆ ಅರ್ಹತೆ ಪಡೆಯಿತು. ಶಾರ್ಟ್‌ಲಿಸ್ಟಿಗೆ ಬರಲಿಲ್ಲ. ಆಗಲೂ 'ಆಸ್ಕರ್ ರೇಸ್‌ನಲ್ಲಿ ಕನ್ನಡ ಚಿತ್ರ' ಅಂತಲೇ ಬಂದಿತ್ತು.

---

ಸುಮ್ನೆ_ಬಂದೆ:

@ಕೊನೇ_ಸಾಲು ಅದಕ್ಕೂ ಸ್ಟೇಟಸ್ ಹಾಕಿದ್ದಿರಾ? ನಿಜ ಹೇಳಿ.

---

ಕೊನೇ_ಸಾಲು:

ಹಾಕಿದ್ದೆ. ಬೆಂಕಿ ಇಮೋಜಿ ಸಮೇತ.